ದಾರಿಹೋಕ ಕುದುರೆಗೆ ನೀರು

ಪಶುವೈದ್ಯ ಕಾಲೇಜಿನಿಂದ ಆಗಷ್ಟೇ ಹೊರಬಿದ್ದ ಹುಡುಗಿಯೊಬ್ಬಳು ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ರಾಮನಗರದ ಮನೆಗೆ ಬಂದಿದ್ದಳು. ಮಾಗಡಿ ಕಡೆ ಪೋಸ್ಟಿಂಗ್ ಆಗಿದೆಯಂತೆ. “ಮೇಡಂ, ಚಿಕ್ಕಂದಿನಿಂದ ನನಗೆ ಪ್ರಾಣಿಗಳು ಅಂದ್ರೆ ಪ್ರಾಣ, ಅದಕ್ಕೇ ಈ ಲೈನಿಗೆ ಬಂದೆ. ಕೆಲಸ ನಿಜವಾಗಿ ಹೇಗಿರುತ್ತೆ ಹೇಳಿ” ಎಂದಳು. ಕಾಫಿ ಕೊಟ್ಟು, ಅದೂ ಇದೂ ಮಾತಾಡಿ ಕಳಿಸಿಬಿಟ್ಟೆ. ಅವಳ ಮುಖ ನೋಡಿಕೊಂಡು ನಿಜ ಹೇಳುವ ಧೈರ್ಯ ಬರಲಿಲ್ಲ. ಮುಖ ಎದುರಿಗಿಲ್ಲದಿದ್ದರೆ ಸುಲಭ, ಅದಕ್ಕೇ ಬರೆಯುತ್ತಿದ್ದೇನೆ.

ಯಾವ ವರ್ಷ ಯಾವ ಹುದ್ದೆಗೆ ಏರಿದೆ, ಯಾವ ಮಂತ್ರಿ ಬಂದಾಗ ಹಾರ ಹಾಕಿಸಿಕೊಂಡೆ ಎನ್ನುವುದೆಲ್ಲ ಬೇಡ. ನಾನು ಕುದುರೆಗಾಗಿ ಪಶುವೈದ್ಯೆಯಾದವಳು. ಆ ಹುಚ್ಚನ್ನು ಮಗಳು ಪಾರ್ವತಿಗೂ ಹಿಡಿಸಿದೆ. ಇವತ್ತು ಪಾರು ನನ್ನ ಜೊತೆ ಅಡುಗೆ, ಬಸ್ಸು, ನನ್ನ ಬಿಪಿ ಮಾತ್ರೆ ಎಲ್ಲದರ ಬಗ್ಗೆಯೂ ಮಾತಾಡುತ್ತಾಳೆ. ಕುದುರೆ ಎಂಬ ಪದ ಮಾತ್ರ ನಮ್ಮಿಬ್ಬರ ಬಾಯಲ್ಲೂ ಬರುವುದಿಲ್ಲ. ಅದು ಹೇಗಾಯಿತೆಂದು ಹೇಳಿದರೆ ನನ್ನ ಸರ್ವೀಸಿನ ಕಥೆ ಹೇಳಿದಂತೆಯೇ.

ನಮ್ಮಪ್ಪನಿಗೆ ಚನ್ನಪಟ್ಟಣದ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಹುರುಳಿ, ಹಿಂಡಿ, ಬೂಸಾ ಮಾರುವ ಅಂಗಡಿ. ಗಲ್ಲಾಪೆಟ್ಟಿಗೆಯ ಮೇಲೆ ಲಿಂಗಪೂಜೆಯ ವಿಭೂತಿ ಗಟ್ಟಿ, ಕೆಳಗೆ ಹುರುಳಿ ಮೂಟೆ. ಅಂಗಡಿಯ ಎದುರಿಗೇ ಜಟಕಾ ಸ್ಟ್ಯಾಂಡು. ಸ್ಟ್ಯಾಂಡಿನ ಮೂಲೆಯಲ್ಲಿ ಒಂದೇ ಬಂಡೆಯಲ್ಲಿ ಕೊರೆದ ಕಲ್ಲುಬಾನಿ. ಅದನ್ನು ಯಾರು ಮಾಡಿಸಿದರೋ ಯಾರಿಗೂ ಗೊತ್ತಿರಲಿಲ್ಲ. ರೈಲು ಬಂದು ಹೋದಮೇಲೆ ಸವಾರಿ ಸಿಗದ ಕುದುರೆಗಳೆಲ್ಲ ಅದರ ಸುತ್ತ ತಲೆಬಾಗಿಸಿ ನೀರು ಕುಡಿಯುತ್ತಿದ್ದವು. ಸ್ಕೂಲಿನಿಂದ ಬಂದವಳೇ ನಾನು ಚೀಲ ಬಿಸಾಕಿ ಅಲ್ಲಿಗೆ ಓಡುತ್ತಿದ್ದೆ. “ಹೆಣ್ಣುಮಗೀಗೆ ಕುದ್ರೆ ಹುಚ್ಚು ಯಾಕವ್ವಾ” ಎಂದು ಅಜ್ಜಿ ಬಯ್ಯುತ್ತಿದ್ದಳು.

ಜಟಕಾದವರಲ್ಲಿ ಬಾಷಾ ಸಾಬರು ಅಪ್ಪನ ಖಾಯಂ ಗಿರಾಕಿ. ಅವರ ಕುದುರೆ ಚಾಂದನಿ, ಬೂದು ಬಣ್ಣದ್ದು, ಒಂದು ಕಿವಿಯ ತುದಿ ಹರಿದಿತ್ತು. ನಾನು ದೂರದಲ್ಲೇ ನಿಂತು ನೋಡುವುದನ್ನು ಕಂಡು ಒಂದು ದಿನ ಅವರೇ ಕರೆದರು.

“ಮೂಗ್ ಮುಂದಕ್ಕೆ ಇಡು ಬೇಟಾ. ಎದ್ರುಕೋಬ್ಯಾಡ. ಅದ್ರ ಮೂಗ್ನತ್ರ ನಿನ್ ಮೂಗ್ ಇಟ್ಟು ಒಸಿ ಉಸ್ರು ಬುಡು. ಅದು ನಿನ್ ಉಸ್ರು ಕುಡೀತೈತೆ, ನೀನು ಅದ್ರ ಉಸ್ರು ಕುಡಿ. ಆಮ್ಯಾಕೆ ಸಾಯೋಗಂಟ ಅದು ನಿನ್ನ ಮರಿಯಾಕಿಲ್ಲ.”

ಹಾಗೇ ಮಾಡಿದೆ. ಬಿಸಿಯುಸಿರು, ಅದರಲ್ಲಿ ನಮ್ಮ ಅಂಗಡಿಯದೇ ಬೆಂದ ಹುರುಳಿಯ ವಾಸನೆ. ಮಾರನೆಯ ದಿನದಿಂದ ಚಾಂದನಿ ನನ್ನನ್ನು ಕಂಡರೆ ಕತ್ತು ಚಾಚುತ್ತಿತ್ತು. ಈ ಲೋಕದಲ್ಲಿ ನನ್ನನ್ನು ಕಂಡು ಅಷ್ಟು ಖುಷಿಪಟ್ಟವರು ಆಗ ಬೇರೆ ಯಾರೂ ಇರಲಿಲ್ಲ.

ಬಾಷಾ ಸಾಬರಿಂದ ಇನ್ನೊಂದು ಮಾತನ್ನೂ ಕಲಿತೆ. ಮಂಡ್ಯದ ಕಡೆಯಿಂದ ಒಂದು ಗಾಡಿ ಬಂದು ನಿಂತಿತ್ತು. ಕುದುರೆ ಬೆವರಿ ನೊರೆ ಕಾರುತ್ತಿತ್ತು. ಗಾಡಿಯವನು ಬಾನಿಯಿಂದ ದೂರ ನಿಂತು ಬಕೆಟ್ ಕೇಳಿದ. ಬಾಷಾ ಸಾಬರಿಗೆ ಸಿಟ್ಟು ಬಂತು. “ಯಾಕ್ಲಾ, ನಮ್ ಕುದ್ರೆ ಕುಡಿಯೋ ಬಾನಿ ನಿಮ್ ಕುದ್ರೆಗೆ ಆಗಾಕಿಲ್ವಾ? ದಾರಿ ಕುದ್ರೆಗೆ ನೀರಿಲ್ಲ ಅನ್ಬಾರ್ದು, ಬ್ಯಾರೆ ಬಕೀಟ್ನಾಗೂ ಕೊಡ್ಬಾರ್ದು. ಮನೆ ಕುದ್ರೆ ಜೊತೆ ಒಂದೇ ಬಾನೀಲಿ ಕುಡಿಸ್ಬೇಕು. ಬಾ ಇಲ್ಲಿ!” ಇದು ಜಟಕಾದವರ ಕಟ್ಟಳೆ. ಬೇರೆ ಬಕೆಟ್ಟೆಂದರೆ ಮನೆಗೆ ಬಂದವರಿಗೆ ಬೇರೆ ಲೋಟ ಕೊಟ್ಟು ಅವಮಾನಿಸಿದಂತೆ. ಹುರುಳಿ ಮೂಟೆಯ ಮೇಲೆ ಕೂತಿದ್ದ ನನಗೆ ಆ ಮಾತು ದೊಡ್ಡ ಧರ್ಮದಂತೆ ಕೇಳಿಸಿತು. ಆಗ ಅದು ದೊಡ್ಡದೇ ಆಗಿತ್ತು.

ಪಶುವೈದ್ಯ ಕಾಲೇಜಿನ ಸಂದರ್ಶನದಲ್ಲಿ ಯಾಕೆ ಬಂದೆ ಎಂದು ಕೇಳಿದರು. “ಕುದುರೆ ಸರ್” ಎಂದೆ. ಮೂವರೂ ನಕ್ಕರು. ಒಬ್ಬರು, “ಕುದುರೆ ಕಂಡರೆ ಕಾಲುನೋವು ಅಂತಾರಮ್ಮ, ನಿನಗೇನು ಕುದುರೆ ಕಂಡರೆ ಓದು ಬರುತ್ತಾ?” ಎಂದರು. ಸೀಟು ಕೊಟ್ಟರು.

ಮೊದಲ ಕೆಲಸ ಮಾಗಡಿಯಲ್ಲಿ. ಹೊಸಬರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ನಿಮ್ಮ ಕೈ ಹಸುವಿನ ಹಿಂಭಾಗದಲ್ಲಿ ಭುಜದವರೆಗೆ ಇರುತ್ತದೆ, ಕಾಲು ಸಗಣಿಯಲ್ಲಿರುತ್ತದೆ, ಹಸುವಿನ ಯಜಮಾನ ಬೀಡಿ ಹಚ್ಚಿಕೊಂಡು “ಗಬ್ಬ ಐತಾ ಇಲ್ವಾ ಬಿರ್ನೆ ಏಳಿ ಡಾಕ್ಟ್ರಮ್ಮ, ನಂಗೆ ಬಸ್ಸೈತೆ” ಎನ್ನುತ್ತಾನೆ. ಕುರಿಗೆ ಲಸಿಕೆ, ಎಮ್ಮೆಗೆ ಕೆಚ್ಚಲು ಬಾವು, ಕೋಳಿಗೆ ಕೊಕ್ಕರೆ ರೋಗ. ಕುದುರೆ ಸಿಗುತ್ತಿದ್ದುದು ಅಪರೂಪಕ್ಕೆ. ಸಿಕ್ಕಾಗಲೂ ಸಾಯುವ ಹೊತ್ತಿಗೆ ಸಿಗುತ್ತಿತ್ತು.

ಅಲ್ಲಿ ನನ್ನ ಮೊದಲ ಸಾಹೇಬರು ಮುಂಗೋಪಿ, ಆದರೆ ಕೆಲಸಗಾರ. ಸೇರಿದ ಹೊಸತರಲ್ಲಿ ಒಂದು ಜಟಕಾ ಕುದುರೆಯ ಮೂಗಿನಿಂದ ಅಂಟಂಟು ಸಿಂಬಳ ಸುರಿಯುತ್ತಿದೆ ಎಂದು ಸುದ್ದಿ ಬಂತು. ಸಾಹೇಬರ ಮುಖ ಕಪ್ಪಿಟ್ಟಿತು. ಅವರಿಗೆ ಗ್ಲ್ಯಾಂಡರ್ಸ್ ಎಂಬ ರೋಗದ ಅನುಮಾನ. ಕುದುರೆ, ಕತ್ತೆಗಳಿಗೆ ಬರುವ ಈ ರೋಗಕ್ಕೆ ಮದ್ದಿಲ್ಲ. ಮೂಗಿನ ನೀರಿನಿಂದ, ಕುಡಿಯುವ ನೀರಿನಿಂದ ಒಂದರಿಂದ ಒಂದಕ್ಕೆ ಹರಡುತ್ತದೆ, ಮನುಷ್ಯರಿಗೂ ತಗಲುತ್ತದೆ. ಬಂತೆಂದು ಖಾತ್ರಿಯಾದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಂದು ಆಳದಲ್ಲಿ ಹೂಳಬೇಕು. ಆ ಕಾಲದ ಪರೀಕ್ಷೆಯೆಂದರೆ ಕುದುರೆಯ ಕೆಳರೆಪ್ಪೆಯೊಳಗೆ ಒಂದಿಷ್ಟು ಮದ್ದು ಚುಚ್ಚಿ ಎರಡು ದಿನ ಕಾಯುವುದು. ರೆಪ್ಪೆ ಊದಿಕೊಂಡು ಕೀವು ತುಂಬಿದರೆ ರೋಗ.

ನಾನು ಚುಚ್ಚಿದೆ. ಎರಡು ದಿನ ಊಟ ಸೇರಲಿಲ್ಲ. ರೆಪ್ಪೆ ಊದಲಿಲ್ಲ, ಬರೀ ನೆಗಡಿ. ನನಗೆ ಅಲ್ಲೇ ಕಣ್ಣಲ್ಲಿ ನೀರು ಬಂದು ಒರೆಸಿಕೊಳ್ಳಲು ಕೈ ಎತ್ತಿದೆ. ಸಾಹೇಬರು ಫಟ್ಟೆಂದು ಕೈಗೆ ಹೊಡೆದರು.

“ಅಳೋದಿದ್ರೆ ಮೊದ್ಲು ಕೈ ತೊಳ್ಕೊ, ಆಮೇಲೆ ಅಳು! ಈ ರೋಗ ಕಣ್ಣಿಂದಾನೂ ಒಳಗೆ ಹೋಗುತ್ತೆ. ಇವತ್ತು ಇರ್ಲಿಲ್ಲ. ಇನ್ನೊಂದು ದಿನ ಇರುತ್ತೆ.”

ಹೊಸಬರಿಗೆ ನಾನು ಕೊಡಬಹುದಾದ ಒಂದೇ ಉಪದೇಶ ಇದು. ಉಳಿದದ್ದೆಲ್ಲ ಪುಸ್ತಕದಲ್ಲಿದೆ.

ಕನಕಪುರದಲ್ಲಿದ್ದಾಗಿನ ಒಂದು ಕೇಸು ಹೇಳುತ್ತೇನೆ. ಅಲ್ಲಿ ರೇಷ್ಮೆ ಸಾಕುವವರೊಬ್ಬರು ಶೋಕಿಗೆಂದು ಒಂದು ಕುದುರೆ ತಂದಿದ್ದರು. ಹುಳ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ನಮ್ಮಲ್ಲಿ ಹಸುವಿಗೆ ಹಾಕುವುದು ರೂಢಿ. ಇವರು ಅದನ್ನೇ ಕುದುರೆಗೂ ಹಾಕಿದರು. ಹುಳದ ಹಾಸಿಗೆಗೆ ಉದುರಿಸಿದ ಸುಣ್ಣದ ಪುಡಿಯ ಸಮೇತ. ಕುದುರೆಗೆ ಹೊಟ್ಟೆನೋವು ಬಂತು. ಬಿದ್ದು ಹೊರಳಾಡತೊಡಗಿತು. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ ಹೊಯ್ಯುತ್ತಾರಲ್ಲ, ಹಾಗೆ ನಾಲ್ಕು ಜನ ಸೇರಿ ಅದರ ತಲೆ ಎತ್ತಿ ಹಿಡಿದು ಗೊಟ್ಟ ತುರುಕಿ ಎಣ್ಣೆ ಹೊಯ್ದರು. ಎಣ್ಣೆಯೆಲ್ಲ ಶ್ವಾಸಕೋಶಕ್ಕೆ ಹೋಯಿತು. ನಾನು ಹೋದಾಗ ಮೂಗಿನಿಂದ ಎಣ್ಣೆ ಹೊರಗೆ ಬರುತ್ತಿತ್ತು.

“ಅಲ್ರೀ, ಕುದುರೆ ಏನು ಹಸುವಾ?” ಎಂದು ಕೂಗಾಡಿದೆ. ಯಜಮಾನರು ತಲೆ ಕೆರೆದುಕೊಂಡು, “ನಾಲ್ಕು ಕಾಲೈತಲ್ಲ ಡಾಕ್ಟ್ರಮ್ಮ” ಎಂದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕುದುರೆ ಸಂಜೆಗೆ ಸತ್ತಿತು. ಅವರು ಕೆಟ್ಟವರಲ್ಲ. ಮನೆಮಂದಿಯೆಲ್ಲ ಬಿಕ್ಕಿ ಬಿಕ್ಕಿ ಅತ್ತರು. ಪ್ರೀತಿಯಿಂದ ಮಾಡಿದ್ದೇ ಪ್ರಾಣ ತೆಗೆಯುವುದನ್ನು ಈ ಕೆಲಸದಲ್ಲಿ ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ.

ಅಷ್ಟರಲ್ಲಿ ಚನ್ನಪಟ್ಟಣದಲ್ಲಿ ಆಟೋಗಳು ತುಂಬಿಕೊಂಡಿದ್ದವು. ಪ್ರತಿ ಸಲ ತವರಿಗೆ ಹೋದಾಗ ಸ್ಟ್ಯಾಂಡಿನಲ್ಲಿ ಒಂದು ಕುದುರೆ ಕಡಿಮೆ. ಚಾಂದನಿ ಯಾವಾಗಲೋ ಮುದಿಯಾಗಿ ಸತ್ತಿತ್ತು, ಬಾಷಾ ಸಾಬರು ಅದರ ಮರಿಯ ಮರಿಯನ್ನು ಕಟ್ಟಿಕೊಂಡಿದ್ದರು. ಪಾರು ಹುಟ್ಟಿ ಬಾಣಂತನ ಮುಗಿದ ಮೇಲೆ ಮಗುವನ್ನು ಎತ್ತಿಕೊಂಡು ನಾನು ಮೊದಲು ಹೋದದ್ದು ದೇವಸ್ಥಾನಕ್ಕಲ್ಲ, ಜಟಕಾ ಸ್ಟ್ಯಾಂಡಿಗೆ. ಕೂಸಿನ ಮುಖವನ್ನು ಕುದುರೆಯ ಮೂಗಿನ ಹತ್ತಿರ ಹಿಡಿದೆ. ಕುದುರೆ ಫುರ್ರೆಂದು ಉಸಿರು ಬಿಟ್ಟಿತು. ಮಗು ಬೆಚ್ಚಿ, ಅಳುವುದನ್ನು ಬಿಟ್ಟು, ಬೊಚ್ಚುಬಾಯಿ ತೆರೆದು ನಕ್ಕಿತು. “ಹತ್ಕತು ನೋಡು ಇದ್ಕೂ!” ಎಂದು ಬಾಷಾ ಸಾಬರು ಕೈತಟ್ಟಿದರು. ನನ್ನ ಯಜಮಾನರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ವಿಷಯ ತಿಳಿದು ಮಗುವಿನ ಮುಖವನ್ನು ಡೆಟಾಲಿನಲ್ಲಿ ಒರೆಸಿದರು.

ಕೊನೆಗೆ ಸ್ಟ್ಯಾಂಡನ್ನು ಕೆಡವಿ ರಸ್ತೆ ಅಗಲ ಮಾಡಲು ಹೊರಟಾಗ ಬಾಷಾ ಸಾಬರು ನನಗೆ ಹೇಳಿಕಳಿಸಿದರು. ಹೋದೆ. ಅವರಿಗೆ ಕಣ್ಣು ಮಂಜಾಗಿತ್ತು. “ಜೆಸಿಬಿಯವ್ನು ಬಾನೀನ ಒಡೆದ್ಬುಡ್ತಾನೆ. ನೀನೇ ತಕ್ಕಂಡೋಗು. ಕುದ್ರೆ ಇಲ್ದಿದ್ರೂ ನೀರು ತುಂಬ್ಸಿ ಇಡು ಬೇಟಾ, ಒಣಗಾಕೆ ಬುಡಬ್ಯಾಡ” ಎಂದರು. ಟ್ರ್ಯಾಕ್ಟರಿನಲ್ಲಿ ಹೇರಿಸಿ ದೊಡ್ಡಮಳೂರಿನ ಹತ್ತಿರ ಯಜಮಾನರ ಪಾಲಿಗೆ ಬಂದಿದ್ದ ತೋಟದ ಮನೆಗೆ ಸಾಗಿಸಿದೆ. ಮುಂದಿನ ಸಲ ನಾನು ಹೋದಾಗ ಬಾಷಾ ಸಾಬರು ಇರಲಿಲ್ಲ.

ಪಾರು ಹೈಸ್ಕೂಲು ಓದುತ್ತಿದ್ದ ಕಾಲಕ್ಕೆ ನನಗೆ ರಾಮನಗರಕ್ಕೆ ವರ್ಗವಾಗಿತ್ತು. ಜಟಕಾ ಮುಗಿದು ಹೋಗಿ ಉಳಿದಿದ್ದು ಮದುವೆ ಮೆರವಣಿಗೆಯ ಕುದುರೆಗಳು ಮಾತ್ರ. ಅಂಥ ಒಂದು ಹೆಣ್ಣು ಕುದುರೆ ಗಬ್ಬವಾಗಿದ್ದಾಗಲೂ ಬ್ಯಾಂಡ್‌ಸೆಟ್ಟಿನ ಮುಂದೆ ಕುಣಿಯುತ್ತಾ ಕುಣಿಯುತ್ತಾ ಬೀದಿಯಲ್ಲೇ ಈಯಲು ಬಿತ್ತು. ಮರಿ ಅಡ್ಡ ತಿರುಗಿತ್ತು. ಮದುವೆಗೆಂದು ಉಟ್ಟಿದ್ದ ರೇಷ್ಮೆ ಸೀರೆಯಲ್ಲೇ ಮಂಡಿಯೂರಿ ಕೈಹಾಕಿ ಮರಿಯನ್ನು ತಿರುಗಿಸಿ ಎಳೆದೆ. ತಾಯಿ ಉಳಿಯಲಿಲ್ಲ. ಮರಿ ಹೆಣ್ಣು, ಕಂದುಬಣ್ಣ, ಹಣೆಯಲ್ಲಿ ತುಂಬೆಹೂವಿನಷ್ಟು ಬಿಳಿ. ಕುದುರೆಯವನು ಕೈಚೆಲ್ಲಿದ. “ತಾಯಿ ಹಾಲು ಕುಡಿದ ಮಕ್ಳೇ ಉಳಿಯಾಕಿಲ್ಲ, ಇದು ಸೀಸೆ ಹಾಲಲ್ಲಿ ಉಳೀತೈತಾ ತಾಯಿ? ನಿಮಗೆ ಬೇಕಾದ್ರೆ ತಕ್ಕಳಿ.”

ಜೀಪಿನ ಹಿಂದೆ ಹಾಕಿಕೊಂಡು ಮನೆಗೆ ತಂದೆ. ಪಾರು ಗೇಟಿನಲ್ಲೇ ನಿಂತಿದ್ದಳು. ನೇರ ಬಂದು ನೆಲದಲ್ಲಿ ಕೂತು, ಒದ್ದೆ ಮರಿಯ ಮೂಗಿಗೆ ತನ್ನ ಮೂಗು ಇಟ್ಟು ಉಸಿರು ಬಿಟ್ಟಳು. ಯಾವತ್ತೋ ನಾನು ಹೇಳಿದ್ದ ಕಥೆಯನ್ನು ಅವಳು ಪಾಠದಂತೆ ಇಟ್ಟುಕೊಂಡಿದ್ದಳು. ತುಂಬೆ ಎಂದು ಹೆಸರನ್ನೂ ಅವಳೇ ಇಟ್ಟಳು. ಮೇಷ್ಟರು ಕನ್ನಡಕ ಸರಿಮಾಡಿಕೊಂಡು, “ಮನೇಲಿ ಎರಡು ಹೆಣ್ಣಿದ್ವು, ಈಗ ಮೂರಾಯ್ತು. ನನ್ನ ಮಾತು ಕೇಳೋದು ಯಾವುದೂ ಇಲ್ಲ” ಎಂದರು. ಹಾಲಿನ ಸೀಸೆ ಮಾತ್ರ ಅವರೇ ತೊಳೆಯುತ್ತಿದ್ದರು.

ತುಂಬೆ ಉಳಿಯಿತು. ಉಳಿದದ್ದಲ್ಲದೆ ಬೆಳೆದು ನಿಂತಿತು. ದೊಡ್ಡಮಳೂರಿನ ತೋಟದಲ್ಲಿ ಲಾಯ ಕಟ್ಟಿಸಿದೆವು, ಕಲ್ಲುಬಾನಿಗೆ ಮತ್ತೆ ಕುದುರೆ ಬಂತು. ಪಾರು ಕಾಲೇಜು ಮುಗಿಸಿ ಹಾರೋಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿದಳು. ದಿನಾ ಬಸ್ಸಿನಲ್ಲಿ ಹೋಗಿಬರುವುದು, ಇಳಿದವಳೇ ತೋಟಕ್ಕೆ. ಒಳ್ಳೆಯ ಸಂಬಂಧಗಳು ಬಂದವು. ‘ಕುದುರೆಯನ್ನೂ ಕರ್ಕೊಂಡು ಬರ್ತೀನಿ’ ಎಂದು ಗಂಡಿನ ಕಡೆಯವರ ಎದುರಿಗೇ ಹೇಳಿ ಎರಡನ್ನು ಮುರಿದುಕೊಂಡಳು. ಮೂರನೆಯವನು, ಕನಕಪುರದವನು, ‘ಕರ್ಕೊಂಡು ಬನ್ನಿ, ಜಾಗ ಇದೆ’ ಎಂದ. ಅವನನ್ನೇ ಒಪ್ಪಿದಳು. ಮದುವೆ ನಿಶ್ಚಯವಾಯಿತು.

ನಮ್ಮ ಇಲಾಖೆಯಲ್ಲಿ ಆಗಿನ ದೊಡ್ಡ ಸಾಹೇಬರಿಗೆ ನನ್ನ ಕುದುರೆ ಹುಚ್ಚು ತಮಾಷೆಯ ವಸ್ತು. ಮೀಟಿಂಗಿನಲ್ಲಿ ಎಲ್ಲರೆದುರು, “ಏನಮ್ಮ ಕುದುರೆ ಡಾಕ್ಟ್ರೇ, ನಿಮ್ಮ ತಾಲ್ಲೂಕಲ್ಲಿ ಕರು ಹುಟ್ಟೋದು ಕಮ್ಮಿಯಾಗಿದೆ, ಕುದುರೇನೇ ಹಾಲು ಕೊಡುತ್ತಾ?” ಎನ್ನುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ. “ನಿಮ್ಮ ಭಾಷಣ ಕೇಳಿ ಹಸುಗಳೇ ಹಾಲು ಬಿಡ್ತಿಲ್ಲ ಸರ್” ಎಂದೆ ಒಮ್ಮೆ. ಅದರ ಫಲವಾಗಿ ಆ ಬೇಸಿಗೆಯೆಲ್ಲ ಕುರಿ ಲಸಿಕೆಗೆ ಸಾವನದುರ್ಗದ ಬುಡದಲ್ಲಿ ತಿರುಗಿದೆ. ಇವರು ಮುಂದೆ ಮತ್ತೆ ಬರುತ್ತಾರೆ, ಅದಕ್ಕೇ ಹೇಳಿದೆ.

ನಾನು ತಿರುಗುತ್ತಿದ್ದ ಆ ದಿನಗಳಲ್ಲೇ, ಬೈರಮಂಗಲದ ಕಡೆ ಮದುವೆ ಮುಗಿಸಿಕೊಂಡು ಬೇರೆ ಜಿಲ್ಲೆಯ ಕುದುರೆಯವನೊಬ್ಬ ನಮ್ಮ ತೋಟದ ದಾರಿಯಲ್ಲಿ ಬಂದ. ಬಿಸಿಲಿಗೆ ಕುದುರೆ ಬಸವಳಿದಿತ್ತು. ಒಂದು ಬಕೆಟ್ ನೀರು ಕೇಳಿದ. ಪಾರು ತೋಟದಲ್ಲಿದ್ದಳು. ಬಕೆಟ್ ಕೊಡಲಿಲ್ಲ. “ಅಯ್ಯೋ, ಬಾನಿ ಐತಲ್ಲಣ್ಣ, ಅದ್ರಲ್ಲೇ ಕುಡೀಲಿ” ಎಂದು ಒಳಗೆ ಕರೆದಳು. ಎರಡೂ ಕುದುರೆಗಳು ಒಟ್ಟಿಗೆ ನೀರು ಕುಡಿದವು. ಅವತ್ತು ಮನೆಗೆ ಬಂದು ಇದನ್ನು ನನಗೆ ಸಂಭ್ರಮದಿಂದ ಹೇಳಿದಳು. “ಬಾಷಾ ತಾತ ಇದ್ದಿದ್ರೆ ಖುಷಿ ಪಡ್ತಿದ್ರು ಅಲ್ವೇನಮ್ಮ? ಪಾಪ, ಆ ಕುದುರೆಗೆ ಒಸಿ ನೆಗಡಿ ಇತ್ತು.”

ನನ್ನ ಕೈಯಲ್ಲಿದ್ದ ತಟ್ಟೆ ಹಾಗೇ ನಿಂತಿತು. ಮಾರನೆಯ ಬೆಳಿಗ್ಗೆಯೇ ಹೋಗಿ ಬಾನಿ ಖಾಲಿಮಾಡಿಸಿ ಸುಣ್ಣ ಬಳಿಸಿದೆ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಹಾಗೆ.

ಎರಡು ತಿಂಗಳೂ ಕಳೆದಿರಲಿಲ್ಲ, ಆ ಕುದುರೆಗೆ ಗ್ಲ್ಯಾಂಡರ್ಸ್ ಇತ್ತೆಂದು ಅದರ ಜಿಲ್ಲೆಯಿಂದ ಸುದ್ದಿ ಬಂತು. ಅದು ಓಡಾಡಿದ ದಾರಿಯ ಕುದುರೆಗಳನ್ನೆಲ್ಲ ಪರೀಕ್ಷಿಸಬೇಕೆಂದು ಆದೇಶ. ಈಗ ರೆಪ್ಪೆಗೆ ಚುಚ್ಚುವುದಿಲ್ಲ, ಕತ್ತಿನಿಂದ ರಕ್ತ ತೆಗೆದು ಉತ್ತರ ಭಾರತದ ದೊಡ್ಡ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಕುದುರೆಯ ಕಣ್ಣು ನೋಡುತ್ತಾ ಕಾಯುತ್ತಿದ್ದೆವು, ಈಗ ಫೋನು ನೋಡುತ್ತಾ ಕಾಯುತ್ತೇವೆ. ಸುತ್ತಲ ಎಲ್ಲ ಕುದುರೆಗಳ ರಕ್ತವನ್ನೂ ನಾನೇ ತೆಗೆದೆ. ತುಂಬೆಯದನ್ನೂ ತೆಗೆದೆ. ಅದಕ್ಕೆ ಸಿಂಬಳವಿಲ್ಲ, ಗಂಟಿಲ್ಲ, ಹುಣ್ಣಿಲ್ಲ. ಸೂಜಿ ಚುಚ್ಚಿದರೆ ನನ್ನ ಭುಜಕ್ಕೆ ಗಲ್ಲ ಒರಗಿಸಿ ನಿಂತುಕೊಂಡಿತು.

ಉಳಿದ ಎಲ್ಲವೂ ಪಾರಾದವು. ತುಂಬೆಗೆ ರೋಗವಿದೆ ಎಂದು ಬಂತು. ಖಾತ್ರಿಗೆ ಎರಡನೆಯ ಸಲ ರಕ್ತ ಕಳಿಸಬೇಕು. ಅದೂ ಹಾಗೇ ಬಂದರೆ ಮುಗಿಯಿತು.

ಪಾರು ಮೊದಲು ನಂಬಲಿಲ್ಲ. ಆಮೇಲೆ ತುಂಬೆಯನ್ನು ಲಾರಿ ಹತ್ತಿಸಿ ಕಾಡಂಚಿನ ಯಾವುದಾದರೂ ಹಳ್ಳಿಗೆ ಸಾಗಿಸೋಣ ಎಂದಳು. ಆಮೇಲೆ ಅಡುಗೆಮನೆಗೆ ಬಂದು ಬಾಗಿಲು ಹಾಕಿಕೊಂಡು ಮೆಲ್ಲಗೆ ಕೇಳಿದಳು.

“ಅಮ್ಮ, ರಕ್ತ ತೆಗೆಯೋದು ನೀನೇ ತಾನೆ. ಬೇರೆ ಕುದುರೇದು ತೆಗೆದು ತುಂಬೆ ಹೆಸರು ಬರೆದು ಕಳ್ಸು. ಯಾರಿಗೆ ಗೊತ್ತಾಗುತ್ತೆ?”

“ಯಾರಿಗೂ ಗೊತ್ತಾಗಲ್ಲ.”

“ಮತ್ತೆ?”

“ರೋಗಕ್ಕೆ ಗೊತ್ತಾಗುತ್ತೆ ಪಾರು. ದೊಡ್ಡಮಳೂರಿನ ಮಕ್ಕಳೆಲ್ಲ ತುಂಬೆ ಮೂಗು ಸವರ್ತಾರೆ. ನೀನು ಮೂಗಿಗೆ ಮೂಗು ಇಡ್ತೀಯ. ನಾಳೆ ನಿನಗೆ ಬಂದ್ರೆ?”

“ಬರ್ಲಿ! ಅವಳಿಗೆ ಏನಾಗಿದೆ ಹೇಳು, ನೀನೇ ಡಾಕ್ಟ್ರು. ಏನಾದ್ರೂ ಕಾಣ್ಸುತ್ತಾ ನಿನಗೆ? ದಾರಿ ಕುದುರೆಗೆ ನೀರು ಕೊಡು ಅಂತ ಕಲಿಸಿದ್ದು ನೀನು. ಉಸಿರು ಕುಡಿ ಅಂತ ಕಲಿಸಿದ್ದು ನೀನು. ಕಲಿಸಿದ್ದಕ್ಕೆಲ್ಲ ಶಿಕ್ಷೆ ಅವಳಿಗಾ?”

ಮರುದಿನ ತುಂಬೆಯ ಕತ್ತಿನಿಂದ ತುಂಬೆಯದೇ ರಕ್ತ ತೆಗೆದು ಕಳಿಸಿದೆ. ಸರಿಯಾದುದನ್ನೇ ಮಾಡಿದೆ. ಇವತ್ತು ಕೇಳಿದರೂ ಅದನ್ನೇ ಮಾಡುತ್ತೇನೆ. ಸರಿಯಾದುದನ್ನು ಮಾಡಿದರೆ ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಎಂದು ದೊಡ್ಡವರು ಹೇಳುತ್ತಾರಲ್ಲ, ಅದು ಸುಳ್ಳು.

ಎರಡನೆಯ ವರದಿಯೂ ಹಾಗೇ ಬಂತು. ಪಾರುವಿನ ರಕ್ತವನ್ನೂ ಪರೀಕ್ಷೆ ಮಾಡಿಸಿದ್ದೆವು, ಅವಳಿಗೆ ಏನೂ ಇರಲಿಲ್ಲ. ನಾನು ದೇವರಿಗೆ ಕೈಮುಗಿದೆ. ಅವಳು ಮುಗಿಯಲಿಲ್ಲ.

ನನ್ನನ್ನು ಸದಾ ಆಡಿಕೊಳ್ಳುತ್ತಿದ್ದ ದೊಡ್ಡ ಸಾಹೇಬರು ಅವತ್ತು ತಾವೇ ಮನೆಗೆ ಬಂದರು. ಕುರ್ಚಿಯ ತುದಿಯಲ್ಲಿ ಕೂತು, “ನೀವು ರಜಾ ಹಾಕಿಬಿಡಿ ಮೇಡಂ. ಬೇರೆ ತಾಲ್ಲೂಕಿನಿಂದ ಹುಡುಗನ್ನ ಕರೆಸ್ತೀನಿ” ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಆ ಹುಡುಗ ಕುದುರೆಯನ್ನು ಕೈಯಲ್ಲಿ ಮುಟ್ಟಿದ್ದಾನೋ ಇಲ್ಲವೋ. ರಕ್ತನಾಳ ಸಿಗದೆ ನಾಲ್ಕು ಕಡೆ ಚುಚ್ಚಿ, ತುಂಬೆ ಗಾಬರಿಯಿಂದ ಎಗರಾಡಿ, ಹಗ್ಗ ಬಿಗಿದು, ಕಾಲು ಕಟ್ಟಿ... ಬೇಡ ಎಂದೆ. ಒಂದೇ ಸೂಜಿಯಲ್ಲಿ ನೋವಿಲ್ಲದೆ ಮಾಡಲು ಬರುವುದು ಈ ಜಿಲ್ಲೆಯಲ್ಲಿ ನನಗೊಬ್ಬಳಿಗೇ. ಕುದುರೆಗಾಗಿ ಕಲಿತ ವಿದ್ಯೆ, ಕುದುರೆಗೇ ಸಲ್ಲಲಿ.

“ನೀನೇ ಮಾಡ್ತೀಯಾ?” ಎಂದಳು ಪಾರು.

“ಬೇರೆಯವರು ಮಾಡಿದ್ರೆ ಅವಳಿಗೆ ನೋವಾಗುತ್ತೆ.”

“ಆಗ ಬೇರೆಯವರನ್ನ ದ್ವೇಷಿಸ್ತಿದ್ದೆ” ಎಂದಳು. ಅಷ್ಟೇ.

ನಿಗದಿಯಾದ ದಿನ ಬೆಳಿಗ್ಗೆ ತೋಟದಲ್ಲಿ ಗುಂಡಿ ತೋಡಲು ಜೆಸಿಬಿ ಬಂದಿತ್ತು. ಬಾಷಾ ಸಾಬರು ಬಾನಿಯನ್ನು ಯಾವ ಯಂತ್ರದಿಂದ ಉಳಿಸಲು ನನಗೆ ಕೊಟ್ಟರೋ ಅಂಥದೇ ಹಳದಿ ಯಂತ್ರ. ಪಾರು ಬೆಳಗಿನಿಂದ ತುಂಬೆಗೆ ಮೈತಿಕ್ಕಿ, ಅಯಾಲು ಬಾಚಿ, ಹುರುಳಿ ಬೇಯಿಸಿ ಇಟ್ಟಿದ್ದಳು. ಕೈಗೆ ಗ್ಲೌಸು, ಮುಖಕ್ಕೆ ಮಾಸ್ಕು ಹಾಕಿಸಿದ್ದೆ. ನಾನೂ ಮೇಷ್ಟರೂ ಲಾಯದ ಹತ್ತಿರ ಬಂದಾಗ ಅವಳು ಮಾಸ್ಕನ್ನು ಕತ್ತಿಗೆ ಇಳಿಸಿಕೊಂಡು ತುಂಬೆಯ ಮೂಗಿನ ಕಡೆ ಬಗ್ಗಿದಳು.

ನಾನು ಓಡಿಹೋಗಿ ಅವಳ ಮುಖಕ್ಕೆ ಅಡ್ಡವಾಗಿ ಕೈಯಿಟ್ಟೆ. ಇಟ್ಟ ರಭಸಕ್ಕೆ ಹಿಂದಕ್ಕೆ ತಳ್ಳಿದಂತಾಯಿತು. ಅವಳ ಉಸಿರು ನನ್ನ ಅಂಗೈಗೆ ತಗಲಿತು.

“ಒಂದ್ಸಲ ಅಮ್ಮ. ಒಂದೇ ಸಲ.”

“ಬೇಡ.”

“ಅವಳಿಗೆ ಗೊತ್ತಾಗ್ಬೇಕಲ್ಲಮ್ಮ ನಾನು ಇದ್ದೀನಿ ಅಂತ!”

ನಾನು ಕೈ ತೆಗೆಯಲಿಲ್ಲ. ಮೇಷ್ಟರು ಬಂದು ಅವಳ ತೋಳು ಹಿಡಿದು ಕರೆದುಕೊಂಡು ಹೋದರು.

ಆಮೇಲೆ ನಾನು ಆ ಬಿಳಿಯ ಉಡುಪು ಹಾಕಿಕೊಂಡೆ. ತಲೆಯಿಂದ ಪಾದದವರೆಗೆ ಮುಚ್ಚುವ ಸೂಟು, ಎರಡು ಜೊತೆ ಗ್ಲೌಸು, ಬಿಗಿ ಮಾಸ್ಕು, ಅದರ ಮೇಲೆ ಪಾರದರ್ಶಕ ಗುರಾಣಿ. ನನ್ನದೇ ಉಸಿರು ಒಳಗೇ ಸುತ್ತುತ್ತಿತ್ತು. ತುಂಬೆಯ ಹತ್ತಿರ ಹೋದೆ. ಅದು ಕಿವಿ ಹಿಂದಕ್ಕೆ ಮಾಡಿತು. ನನ್ನನ್ನು ಕಂಡು ಎಂದೂ ಹಾಗೆ ಮಾಡಿದ್ದಲ್ಲ. ಹುಟ್ಟುವಾಗ ತಾಯಿಯ ಹೊಟ್ಟೆಯೊಳಗಿಂದ ನಾನೇ ಎಳೆದ ಜೀವ ಅದು. ಯಾರಿವಳು ಎಂದು ತಿಳಿಯದೆ ಒಂದು ಹೆಜ್ಜೆ ಹಿಂದೆ ಸರಿದು, ಮತ್ತೆ ಕತ್ತು ಚಾಚಿ ಮೂಗನ್ನು ನನ್ನ ಮುಖದ ಗುರಾಣಿಗೆ ತಂದು ಇಟ್ಟಿತು. ಗುರ್ತು ಕೇಳುತ್ತಿತ್ತು. ಗುರಾಣಿಯ ಮೇಲೆ ಅದರ ಉಸಿರಿನ ಮಂಜು ಕವಿಯಿತು. ನನ್ನ ಉಸಿರು ಅದಕ್ಕೆ ಸಿಗಲಿಲ್ಲ. ಮತ್ತೊಮ್ಮೆ ಮೂಸಿತು. ಪ್ಲಾಸ್ಟಿಕ್ಕಿನ ವಾಸನೆಯಲ್ಲದೆ ಬೇರೇನೂ ಸಿಗದೆ ಮುಖ ತಿರುಗಿಸಿ ಮೇಷ್ಟರು ಪಾರುವನ್ನು ಕರೆದುಕೊಂಡು ಹೋದ ದಾರಿಯ ಕಡೆ ನೋಡುತ್ತಾ ನಿಂತಿತು.

ಮೊದಲು ಮಂಪರಿನ ಮದ್ದು, ಆಮೇಲೆ ಇನ್ನೊಂದು. ಒಂದೇ ಸೂಜಿ. ನೋವಾಗಲಿಲ್ಲ. ನನ್ನ ಸರ್ವೀಸಿನಲ್ಲೇ ಅಷ್ಟು ಚೆನ್ನಾಗಿ ಇನ್ನಾವ ಕೆಲಸವನ್ನೂ ನಾನು ಮಾಡಿಲ್ಲ.

ಸುಣ್ಣ ಹಾಕಿ ಹೂಳಿದರು. ಕಲ್ಲುಬಾನಿಯನ್ನೂ ಅದೇ ಗುಂಡಿಗೆ ಹಾಕಿಸಿದೆ. ಯಾರೂ ಹಾಗೆ ಮಾಡಲು ಹೇಳಿರಲಿಲ್ಲ, ಮದ್ದಿನ ನೀರಿನಲ್ಲಿ ತೊಳೆದರೆ ಸಾಕಿತ್ತು. ನನಗೇ ಅದನ್ನು ನೋಡಲಾಗಲಿಲ್ಲ. ಉಡುಪು ಬಿಚ್ಚಿ ಸುಟ್ಟು, ಕೈ ತೊಳೆದೆ. ಮೊಣಕೈವರೆಗೆ, ಉಗುರಿನ ಸಂದಿ, ಮತ್ತೊಮ್ಮೆ. ಕೈ ಶುದ್ಧವಾಯಿತು. ಇನ್ನು ಅಳಬಹುದು ಎಂದು ಬೋರ್‌ವೆಲ್ಲಿನ ಕಟ್ಟೆಯ ಮೇಲೆ ಕೂತೆ. ಅಳು ಬರಲಿಲ್ಲ. ಕೈ ತೊಳೆಯುವವರೆಗೆ ಅಳು ಕಾಯುವುದಿಲ್ಲ ಎಂಬುದನ್ನು ನನ್ನ ಮೊದಲ ಸಾಹೇಬರು ಹೇಳಿರಲಿಲ್ಲ.

ಪಾರುವಿನ ಮದುವೆ ಆಯಿತು. ವರನ ಮೆರವಣಿಗೆಗೆ ಕಾರು ತಂದರು. ನಾನು ನಿವೃತ್ತಳಾದೆ. ಶಾಲು ಹೊದಿಸಿದರು, ಚನ್ನಪಟ್ಟಣದ ಬಣ್ಣದ ಮರದ ಕುದುರೆಯೊಂದನ್ನು ನೆನಪಿನ ಕಾಣಿಕೆಯಾಗಿ ಕೊಟ್ಟರು. ಸಭೆಯಲ್ಲಿ ಕೂತಿದ್ದ ಪಾರು ಎದ್ದು ಹೊರಗೆ ಹೋದಳು. ಆ ಕುದುರೆ ಅಟ್ಟದ ಮೇಲಿದೆ.

ಅವಳಿಗೆ ಈಗ ಒಂದು ಹೆಣ್ಣುಮಗು. ಮಾತು ಬಂದಿದೆ, ಕಂಡದ್ದಕ್ಕೆಲ್ಲ ಅದೇನು ಅದೇನು ಎಂದು ಕೇಳುತ್ತದೆ. ಹಸು, ನಾಯಿ, ಆನೆ ಎಲ್ಲ ಗೊತ್ತು. ಮನೆಯಲ್ಲಿರುವ ಪ್ರಾಣಿಗಳ ಚಿತ್ರದ ಪುಸ್ತಕದಲ್ಲಿ ಒಂದು ಹಾಳೆಯನ್ನು ಇನ್ನೊಂದಕ್ಕೆ ಅಂಟಿಸಲಾಗಿದೆ. ನಾನು ನೋಡಿದೆ, ಕೇಳಲಿಲ್ಲ.

ಹೋದ ವಾರ ಮೂವರೂ ಕನಕಪುರದಿಂದ ರಾಮನಗರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆವು. ಕಿಟಕಿಯ ಪಕ್ಕ ಪಾರು, ತೊಡೆಯ ಮೇಲೆ ಮಗು, ಈ ಕಡೆ ನಾನು. ಊರೊಳಗೆ ಮದುವೆ ಮೆರವಣಿಗೆ ಎದುರಾಗಿ ಬಸ್ಸು ನಿಂತಿತು. ಬ್ಯಾಂಡಿನ ಸದ್ದಿಗೆ ಮಗು ಎದ್ದು ನಿಂತು ಕಿಟಕಿಯಾಚೆ ನೋಡಿತು. ಕೈಗೆಟಕುವ ದೂರದಲ್ಲಿ ಒಂದು ಬಿಳಿಯ ಕುದುರೆ. ಬೆವರಿತ್ತು, ಬಾಯಾರಿತ್ತು, ನಮ್ಮ ಕಿಟಕಿಯ ಕಡೆಗೇ ಕತ್ತು ಚಾಚಿತು. ಮಗುವಿನ ಇಡೀ ಮೈ ಜುಮ್ಮೆಂದಿದ್ದು ಪಕ್ಕದಲ್ಲಿ ಕೂತ ನನಗೆ ತಿಳಿಯಿತು. ನನಗೆ ಗೊತ್ತಿಲ್ಲದ ಜುಮ್ಮೇ ಅದು? ಯಾರೂ ಹೇಳಿಕೊಡದೆ ಮಗು ಕಿಟಕಿಯ ಸರಳಿಗೆ ಮೂಗು ಒತ್ತಿತು.

ಪಾರು ಅದರ ಮುಖಕ್ಕೆ ಅಡ್ಡವಾಗಿ ಕೈಯಿಟ್ಟು ತನ್ನ ಕಡೆಗೆ ತಿರುಗಿಸಿಕೊಂಡಳು. ನಾನು ಅವತ್ತು ಇಟ್ಟಂತೆಯೇ, ಅದೇ ಅಂಗೈ. ಮಗು ಕೊಸರಾಡಿ, ಬೆರಳ ಸಂದಿಯಿಂದ ನನ್ನ ಕಡೆ ನೋಡಿ ಕೇಳಿತು. “ಅಜ್ಜೀ, ಅದೇನು?”

ಪಾರು ನನ್ನನ್ನು ನೋಡಿದಳು. ಎಷ್ಟೋ ವರ್ಷಗಳ ಮೇಲೆ ಅಷ್ಟು ನೇರವಾಗಿ ನೋಡಿದಳು. ಹೊರಗಡೆ ಕುದುರೆ ಫುರ್ರೆಂದು ಉಸಿರು ಬಿಟ್ಟಿತು.

“ಏನಿಲ್ಲ ಕಂದ” ಎಂದೆ. “ಮೆರವಣಿಗೆ.”